ಇಳಿಜಾರಿದ್ದರೂ ನೀರು ಇಳಿಯದೇಕೆ?

ಊರಿನ ತೊಟ್ಟಿಗಿಂತ 25 ಮೀಟರ್ ಎತ್ತರದಲ್ಲಿ, 2 ಕಿಲೋಮೀಟರ್ ದೂರದಲ್ಲಿ ಒರತೆ. ಪೈಪು ಹೊಸದು, ಎಲ್ಲೂ ಒಡೆದಿಲ್ಲ, ಸೋರುತ್ತಲೂ ಇಲ್ಲ. ಆದರೂ ತೊಟ್ಟಿಯ ಬಾಯಲ್ಲಿ ಒಮ್ಮೆ ಬುಸ್ಸೆಂದು ಗಾಳಿ, ಹಿಂದೆಯೇ ಹಾಲಿನಂತೆ ಬೆಳ್ಳಗಿನ ನೀರು ನಾಲ್ಕು ಉಗುಳು, ಆಮೇಲೆ ಬೆರಳು ಗಾತ್ರದ ಧಾರೆಯೂ ಇಲ್ಲ. ಪಂಪು, ಕರೆಂಟು ಬೇಡದೆ ಗುರುತ್ವದಿಂದಲೇ ನೀರು ತರುವ ಯೋಜನೆಗಳಲ್ಲಿ ಇದು ತೀರಾ ಸಾಮಾನ್ಯ ಕಾಯಿಲೆ. ನೀರು ತಗ್ಗಿಗೆ ಹರಿಯುತ್ತದೆ ಅನ್ನುವುದು ತೆರೆದ ಕಾಲುವೆಯ ಮಟ್ಟಿಗೆ ಸರಿ. ಮುಚ್ಚಿದ ಪೈಪಿನೊಳಗಿನ ಲೆಕ್ಕವೇ ಬೇರೆ.

ಮೊದಲು ಒರತೆಯ ಅಳತೆ. ಇದನ್ನು ಬೇಸಿಗೆಯ ಕೊನೆಗೆ, ಮೊದಲ ಮಳೆ ಬೀಳುವ ಮುಂಚೆಯೇ ಮಾಡಬೇಕು. ಮಳೆಗಾಲ ಮುಗಿದ ಕೂಡಲೇ ಅಳೆದು ಕಟ್ಟಿದ ಯೋಜನೆ ಆರು ತಿಂಗಳಿಗೇ ಬಾಯಾರುತ್ತದೆ. ಉಪಕರಣ ಅಂದರೆ ಒಂದು ಬಕೆಟ್, ಒಂದು ಗಡಿಯಾರ. 20 ಲೀಟರ್ ಬಕೆಟ್ ತುಂಬಲು 80 ಸೆಕೆಂಡ್ ಹಿಡಿದರೆ ಸೆಕೆಂಡಿಗೆ ಕಾಲು ಲೀಟರ್, ಗಂಟೆಗೆ 900 ಲೀಟರ್, ದಿನಕ್ಕೆ 21,600 ಲೀಟರ್. ತಲಾ 55 ಲೀಟರಿನಂತೆ 300 ಜನರಿಗೆ ಬೇಕಾಗುವುದು 16,500. ಸಾಕು. ಆದರೆ ಜನ ನೀರು ಹಿಡಿಯುವುದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಹಾಗಾಗಿ ರಾತ್ರಿಯ ಒಂಬತ್ತು ಗಂಟೆ ಬರುವ 8,100 ಲೀಟರನ್ನು ಹಿಡಿದಿಡಲು ಊರಿನ ಮೇಲ್ಭಾಗದಲ್ಲಿ 10,000 ಲೀಟರಿನ ತೊಟ್ಟಿ ಬೇಕು. ತೊಟ್ಟಿ ಇಲ್ಲದಿದ್ದರೆ ರಾತ್ರಿಯ ನೀರೆಲ್ಲ ಹಳ್ಳದ ಪಾಲು.

ಒರತೆಗೆ ಪೆಟ್ಟಿಗೆ ಕಟ್ಟುವಾಗ ಆಗುವ ದೊಡ್ಡ ತಪ್ಪು ಉತ್ಸಾಹದ್ದು. ಹೆಚ್ಚು ಎತ್ತರ ಸಿಗಲೆಂದು ಗೋಡೆ ಏರಿಸಿ, ನೀರನ್ನು ಅದರ ಸಹಜ ಮಟ್ಟಕ್ಕಿಂತ ಮೇಲೆ ನಿಲ್ಲಿಸುತ್ತಾರೆ. ನಿಂತ ನೀರು ಒರತೆಯ ಕಣ್ಣನ್ನೇ ಹಿಂದಕ್ಕೆ ಒತ್ತುತ್ತದೆ. ಒರತೆ ಮಣ್ಣಿನೊಳಗೆ ಬೇರೆ ದಾರಿ ಹುಡುಕಿಕೊಂಡು ಪಕ್ಕದಲ್ಲೆಲ್ಲೋ ಏಳುತ್ತದೆ. ಒಮ್ಮೆ ಹಾಗೆ ಹೋದದ್ದನ್ನು ಮತ್ತೆ ಕರೆತರುವುದು ಕಷ್ಟ. ಆದ್ದರಿಂದ ಹೆಚ್ಚುವರಿ ನೀರಿನ ಕೊಳವೆ ಒರತೆಯ ಕಣ್ಣಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಒಂದಿಷ್ಟು ಕೆಳಗೇ ಇರಬೇಕು. ಅದರ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟದಿದ್ದರೆ ಕಪ್ಪೆ ಒಳಗೆ ಸಂಸಾರ ಹೂಡುತ್ತದೆ. ಊರಿಗೆ ಹೋಗುವ ಪೈಪು ತಳದಿಂದ 10–15 ಸೆಂಟಿಮೀಟರ್ ಮೇಲಿರಲಿ, ತಳದಲ್ಲಿ ಕೂತ ಮರಳು ಅದಕ್ಕೆ ಹೋಗದು. ಒರತೆಯ ಹಿಂಬದಿಗೆ ತೊಳೆದ ಜಲ್ಲಿ, ಅದರ ಮೇಲೆ ದಮ್ಮಸು ಮಾಡಿದ ಜೇಡಿ, ಇನ್ನೂ ಮೇಲಕ್ಕೆ ಮಳೆನೀರನ್ನು ಅಡ್ಡ ತಿರುಗಿಸುವ ಚರಂಡಿ, ಸುತ್ತ ದನ ನುಗ್ಗದಂತೆ ಬೇಲಿ. ಮಳೆ ಬಂದ ದಿನ ಒರತೆ ಕೆಂಪಾದರೆ ಮೇಲ್ಮೈ ನೀರು ಸೇರುತ್ತಿದೆ ಎಂದೇ ಅರ್ಥ.

ಇನ್ನು ಪೈಪಿನ ವಿಷಯ. ನೀರನ್ನು ತಳ್ಳಲು ನಮ್ಮ ಬಳಿ ಇರುವ ಬಂಡವಾಳ 25 ಮೀಟರ್ ಎತ್ತರ, ಅಷ್ಟೆ. ಪೈಪಿನ ಗೋಡೆಗೆ ಉಜ್ಜಿಕೊಂಡು ಹರಿಯುವ ನೀರು ಅದನ್ನು ಖರ್ಚು ಮಾಡುತ್ತಾ ಬರುತ್ತದೆ. ಸೆಕೆಂಡಿಗೆ ಕಾಲು ಲೀಟರ್ ಹರಿಸಲು 35 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಕಿಲೋಮೀಟರಿಗೆ ಸುಮಾರು 3 ಮೀಟರ್ ಖರ್ಚು. 28 ಮಿಲಿಮೀಟರಾದರೆ 9. 21ಕ್ಕೆ ಇಳಿಸಿದರೆ 36! ದಪ್ಪ ಸ್ವಲ್ಪವೇ ಇಳಿದಂತೆ ಕಂಡರೂ ನಷ್ಟ ಏರುವುದು ಹೆಚ್ಚುಕಡಿಮೆ ಐದನೇ ಘಾತದಲ್ಲಿ. ಹಣ ಉಳಿಸಲು ಸಣ್ಣ ಪೈಪು ಕೊಂಡವರು ಮುಂದೆ ಎಷ್ಟು ರಿಪೇರಿ ಮಾಡಿಸಿದರೂ ಆ ನೀರು ಬರುವುದಿಲ್ಲ. ಇಲ್ಲಿ 35ರ ಪೈಪು ಹಾಕಿದೆವೆನ್ನಿ: 2 ಕಿಲೋಮೀಟರಿಗೆ ಖರ್ಚು 6 ಮೀಟರ್, ಕೈಯಲ್ಲಿ ಇನ್ನೂ 19.

ಹಾಗಾದರೆ ನೀರೇಕೆ ಬರಲಿಲ್ಲ? ಗಾಳಿಯಿಂದ. ಪೈಪು ಗುಡ್ಡದ ಮೈಗುಂಟ ಏರಿಳಿಯುತ್ತಾ ಬರುತ್ತದೆ. ಖಾಲಿ ಪೈಪಿಗೆ ಮೊದಲ ಸಲ ನೀರು ಬಿಟ್ಟಾಗ ಅದು ದಿಬ್ಬದ ನೆತ್ತಿ ದಾಟಿ ಆಚೆಯ ಇಳಿಜಾರಿನಲ್ಲಿ ಪೈಪು ತುಂಬ ಹರಿಯುವುದಿಲ್ಲ. ತಳಕ್ಕೆ ಅಂಟಿಕೊಂಡು ತೊರೆಯಂತೆ ಇಳಿದು ಮುಂದಿನ ತಗ್ಗಿನಲ್ಲಿ ನಿಲ್ಲುತ್ತದೆ. ತಗ್ಗು ತುಂಬಿದ್ದೇ ತಡ, ನೆತ್ತಿಗೂ ತಗ್ಗಿಗೂ ನಡುವಿನ ಗಾಳಿ ಬಂದಿ. ಗಾಳಿಗೆ ತೂಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಆ ಇಳಿಜಾರು ಕೊಡಬೇಕಿದ್ದ ಎತ್ತರ ಸಿಗುವುದಿಲ್ಲ, ಆದರೆ ಮುಂದಿನ ಏರನ್ನು ಹತ್ತಲು ನೀರು ಪೂರ್ತಿ ಬೆಲೆ ತೆರಬೇಕು. 6 ಮೀಟರ್ ಎತ್ತರದಷ್ಟು ಗಾಳಿ ಕೂತ ಕಡೆ ಹತ್ತಿರ ಹತ್ತಿರ 6 ಮೀಟರ್ ನಷ್ಟ. ಅಂಥ ನಾಲ್ಕು ದಿಬ್ಬಗಳಿದ್ದರೆ 24. ಉಳಿಯುವುದು 1 ಮೀಟರ್, ಹರಿಯಲು ಬೇಕಾದ್ದು 6. ತೊಟ್ಟಿಯ ಬಾಯಿ ಒಣಗುವುದು ಹೀಗೆ.

ಮದ್ದು ಅಗೆಯುವಾಗಲೇ ಇದೆ: ಸಣ್ಣ ಉಬ್ಬುಗಳನ್ನು ಕಡಿದು ಪೈಪನ್ನು ಒಂದೇ ಓಟದಲ್ಲಿ ಇಳಿಸುವುದು. ತಪ್ಪಿಸಲಾಗದ ನೆತ್ತಿಗಳಿಗೆ ಗಾಳಿ ಕವಾಟ, ತಗ್ಗುಗಳಿಗೆ ಹೂಳು ತೆಗೆಯುವ ವಾಲ್ವು. ಮೊದಲ ಸಲ ನೀರನ್ನು ನಿಧಾನಕ್ಕೆ ಬಿಡಬೇಕು, ನೆತ್ತಿಯ ಕವಾಟಗಳನ್ನು ಮೇಲಿನಿಂದ ಒಂದೊಂದಾಗಿ ತೆರೆದು, ಬುಸುಗುಡುವುದು ನಿಂತು ತಿಳಿನೀರು ಬಂದ ಮೇಲೆ ಮುಂದಿನದಕ್ಕೆ ನಡೆಯಬೇಕು. ಸಂಶಯ ಬಂದ ಕಡೆ ಪೈಪಿಗೆ ಕಿವಿಯಿಟ್ಟರೆ ಸಾಕು. ತುಂಬಿ ಹರಿಯುವ ಪೈಪು ಸುಮ್ಮನಿರುತ್ತದೆ, ಗಾಳಿ ಹಿಡಿದದ್ದು ಗುಳುಗುಳು ಅನ್ನುತ್ತದೆ.

ದಾರಿಯಲ್ಲಿ ಆಳವಾದ ಕಣಿವೆ ಬಂದರೆ ಕಷ್ಟ ಇನ್ನೊಂದು ಬಗೆಯದು. 10 ಮೀಟರ್ ನೀರಿನ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. 6 ಬಾರ್ ತಾಳುವ ಪೈಪು 60 ಮೀಟರಿಗೆ ಸರಿ, 90 ಮೀಟರ್ ಕಣಿವೆಯ ತಳದಲ್ಲಿ ಅಲ್ಲ. ಪೂರ್ತಿ ಒತ್ತಡ ಬೀಳುವುದು ಹರಿವು ನಿಂತಾಗ. ತೊಟ್ಟಿ ತುಂಬಿ ಫ್ಲೋಟ್ ವಾಲ್ವು ಮುಚ್ಚಿಕೊಳ್ಳುವುದು ರಾತ್ರಿ, ಪೈಪು ಸೀಳುವುದೂ ರಾತ್ರಿಯೇ. ಒತ್ತಡ ಮುರಿಯುವ ತೊಟ್ಟಿ ಕಟ್ಟಿದರಾಯಿತಲ್ಲ ಎನ್ನಬಹುದು. ಇಲ್ಲಿ ಆಗದು. ಆ ತೊಟ್ಟಿಯಲ್ಲಿ ನೀರು ಹೊರಗಾಳಿಗೆ ತೆರೆದುಕೊಂಡು ಎತ್ತರವನ್ನು ಪೂರ್ತಿ ಕಳೆದುಕೊಳ್ಳುತ್ತದೆ, ಮತ್ತೆ ಎದುರಿನ ಏರು ಹತ್ತುವುದಿಲ್ಲ. ಇಳಿದು ಮತ್ತೆ ಏರುವ ಕಡೆ 10 ಬಾರಿನ ಪೈಪೇ ಬೇಕು. ಒತ್ತಡ ಮುರಿಯುವ ತೊಟ್ಟಿ ಏನಿದ್ದರೂ ಇಳಿಯುತ್ತಲೇ ಹೋಗುವ ದಾರಿಗೆ.

ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ದಿನದ 21,600 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 43 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇರುವುದರಿಂದ ಸುಮಾರು 130 ಗ್ರಾಂ ಪುಡಿ. ನೀರಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಬಸಿದುಕೊಂಡು, ತೊಟ್ಟಿಗೆ ದಿನವಿಡೀ ಹನಿಹನಿಯಾಗಿ ಬಿಡಬೇಕು. ಬೆಳಗ್ಗೆ ಒಮ್ಮೆಲೇ ಸುರಿದರೆ ಮುಂಜಾನೆಯ ನೀರು ಘಾಟು ಬಡಿಯುತ್ತದೆ, ಸಂಜೆಯ ನೀರಿಗೆ ಏನೂ ಉಳಿದಿರುವುದಿಲ್ಲ. ಕದಡಿದ ನೀರಿಗೆ ಎಷ್ಟು ಹಾಕಿದರೂ ದಂಡ: ಕೆಸರಿನ ಕಣಗಳು ಕ್ಲೋರಿನ್ ನುಂಗುತ್ತವೆ, ರೋಗಾಣುಗಳಿಗೆ ಮರೆಯಾಗುತ್ತವೆ. ಅಂಥ ನೀರನ್ನು ಮೊದಲು ಮರಳಿನಲ್ಲಿ ಸೋಸಬೇಕು.

ನೀರಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷೆ ಮಾಡುವುದು ತೊಟ್ಟಿಯ ಪಕ್ಕ ಅಲ್ಲ, ಎಲ್ಲಕ್ಕಿಂತ ದೂರದ ನಲ್ಲಿಯಲ್ಲಿ. ನೀರು ತೊಟ್ಟಿಯಲ್ಲಿ ಕ್ಲೋರಿನ್ ಜೊತೆ ಕನಿಷ್ಠ ಅರ್ಧ ಗಂಟೆ ಕಳೆದು ಬಂದಿರಬೇಕು. ಕ್ಲೋರಿನ್ ಇದ್ದರೆ ಬಣ್ಣ ತೋರಿಸುವ ಡಿಪಿಡಿ ಮಾತ್ರೆಯನ್ನು ಆ ನೀರಿನಲ್ಲಿ ಕರಗಿಸಿದಾಗ ಬರುವ ಗುಲಾಬಿ ಬಣ್ಣವನ್ನು ಪಟ್ಟಿಗೆ ಹೋಲಿಸಿದರೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕಾಣಬೇಕು. ಬಣ್ಣವೇ ಏಳದಿದ್ದರೆ ಮೊದಲು ಹನಿಕೊಳವೆ ಸುಣ್ಣ ಕಟ್ಟಿದೆಯೇ ನೋಡಿ, ಆಮೇಲೆ ಪುಡಿಯ ಚೀಲ ಬಾಯ್ತೆರೆದು ಎಷ್ಟು ದಿನವಾಯಿತೆಂದು ಕೇಳಿ. ಎರಡೂ ಸರಿಯಿದ್ದರೆ ಗುದ್ದಲಿ ಹಿಡಿದು ಪೈಪಿನ ಜಾಡಿನಲ್ಲಿ ನಡೆಯಿರಿ. ಎಲ್ಲೋ ಒಂದು ಬಿರುಕು ಹೊರಗಿನ ಕೊಳೆನೀರನ್ನು ಒಳಗೆ ಎಳೆದುಕೊಳ್ಳುತ್ತಿರಬಹುದು.