ಗಟ್ಟಿ ಮೂಳೆಯಲ್ಲೂ ಸಡಿಲವಾಗುವ ಸ್ಕ್ರೂ

ಕ್ಲಿಪ್ ಹಾಕಿ ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುವಾಗ, ಆಧಾರಕ್ಕೆಂದು ಹಿಡಿದ ದವಡೆಹಲ್ಲುಗಳೂ ಮುಂದಕ್ಕೆ ಜರುಗುತ್ತವೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಬಾಯೊಳಗೆ ರಿಯಾಯಿತಿ ಇಲ್ಲ. ಇದನ್ನು ತಡೆಯಲೆಂದು ಬಂದ, ತಲೆ-ಕತ್ತಿನ ಹೊರಗಿನಿಂದ ಪಟ್ಟಿ ಕಟ್ಟಿ ಹಲ್ಲಿಗೆ ಆಧಾರ ಕೊಡುವ ಹೆಡ್‌ಗಿಯರನ್ನು ಹೇಳಿದಷ್ಟು ಹೊತ್ತು ಹಾಕಿಕೊಳ್ಳುವ ರೋಗಿಗಳು ಕಡಿಮೆ. ಹಲ್ಲನ್ನು ಬಿಟ್ಟು, ಸ್ಕ್ರೂ ಹಾಕಿ ಮೂಳೆಯನ್ನೇ ಆಧಾರ ಮಾಡಿಕೊಂಡರೆ?

1945ರಲ್ಲಿ ಗೇನ್ಸ್‌ಫೋರ್ತ್ ಮತ್ತು ಹಿಗ್ಲಿ ಇದನ್ನು ನಾಯಿಗಳ ಮೇಲೆ ಪರೀಕ್ಷಿಸಿದರು. ಕೆಳದವಡೆಗೆ ಹಾಕಿದ ವೈಟಾಲಿಯಂ ಎಂಬ ಮಿಶ್ರಲೋಹದ ಸ್ಕ್ರೂಗಳು ಸುಮಾರು ಒಂದು ತಿಂಗಳೊಳಗೆ ಒಂದೂ ಉಳಿಯದಂತೆ ಕಳಚಿಬಿದ್ದವು. ಆಮೇಲೆ ಸ್ವೀಡನ್ನಿನ ಬ್ರೋನೆಮಾರ್ಕ್, ಟೈಟಾನಿಯಂ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಒಬ್ಬ ರೋಗಿಯ ಮೂಗಿನ ಬುಡದ ಮೂಳೆಗೆ ಸ್ಕ್ರೂ ಹಾಕಿ ಮೇಲಿನ ಬಾಚಿಹಲ್ಲುಗಳನ್ನು ಮೇಲಕ್ಕೆತ್ತಿದರು. 1997ರಲ್ಲಿ ಜಪಾನಿನ ಕನೋಮಿ ಬರೇ 1.2 ಮಿಲಿಮೀಟರ್ ದಪ್ಪದ ಸ್ಕ್ರೂವನ್ನು ಪರಿಚಯಿಸಿದ ಮೇಲೆ, ಹಲ್ಲುಬೇರುಗಳ ನಡುವಿನ ಕಿರಿದಾದ ಜಾಗಕ್ಕೂ ದಾರಿಯಾಯಿತು.

ಬಳಕೆ ಹೆಚ್ಚಿದಂತೆ ಸಡಿಲವಾಗುವ ಸ್ಕ್ರೂಗಳ ಲೆಕ್ಕವೂ ಸಿಗತೊಡಗಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯ ಪ್ರಕಾರ ನೂರಕ್ಕೆ 13.5ರಷ್ಟು ವಿಫಲ. ಉದ್ದದ ಸ್ಕ್ರೂ ಹಾಕಿದರಾಯಿತು ಎನ್ನಿಸುವುದು ಸಹಜ. ಆದರೆ 2003ರಲ್ಲಿ ಜಪಾನಿನ ಮಿಯಾವಾಕಿ ತಂಡಕ್ಕೆ ಸ್ಕ್ರೂವಿನ ಉದ್ದಕ್ಕೂ ಯಶಸ್ಸಿಗೂ ನಂಟು ಕಾಣಲಿಲ್ಲ. 1 ಮಿಲಿಮೀಟರ್ ದಪ್ಪದವು ಮಾತ್ರ ನಿಲ್ಲಲೇ ಇಲ್ಲ. ಉದ್ದ ನೆರವಾಗದಿರಲು ಕಾರಣ ಮೂಳೆಯ ರಚನೆಯಲ್ಲಿದೆ. ಹೊರಗೆ ಕಾರ್ಟಿಕಲ್ ಎಂಬ ಗಟ್ಟಿ ಪದರ, ಒಳಗೆ ಸ್ಪಂಜಿನಂಥ ಭಾಗ. ಆರಂಭದ ಬಿಗಿಯ ಬಹುಪಾಲು ಆ ಹೊರಪದರದಿಂದಲೇ ಸಿಗುತ್ತದೆ. ಉದ್ದದ ಸ್ಕ್ರೂವಿನ ತುದಿ ಹೋಗಿ ಸೇರುವುದು ಸ್ಪಂಜಿನಂಥ ಭಾಗದೊಳಗೆ. ಹೊರಪದರ ಕನಿಷ್ಠ 1 ಮಿಲಿಮೀಟರ್ ದಪ್ಪವಿರಬೇಕು ಎಂಬುದು ಜಪಾನಿನ ಮೊಟೊಯೋಶಿ ತಂಡದ ಸಲಹೆ.

ಹಾಗಿದ್ದರೆ ಪದರ ದಪ್ಪಗಿರುವ, ಮೂಳೆ ಗಟ್ಟಿಯಿರುವ ಕೆಳದವಡೆಯೇ ಗೆಲ್ಲಬೇಕಿತ್ತಲ್ಲ? ಲೆಕ್ಕ ತಿರುಗುಮುರುಗಾಗಿದೆ: ಹಲವು ಅಧ್ಯಯನಗಳಲ್ಲಿ ಕೆಳದವಡೆಯಲ್ಲೇ ಹೆಚ್ಚು ಸ್ಕ್ರೂಗಳು ಸೋತಿವೆ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಕುತೂಹಲದ ಭಾಗ ಇದೇ. ಗಟ್ಟಿ ಮೂಳೆಯೊಳಗೆ ಸ್ಕ್ರೂ ತಿರುಗಿಸಲು ಹೆಚ್ಚು ಬಲ ಬೇಕು. ಬಲ ಮಿತಿಮೀರಿದರೆ ಸುತ್ತಲ ಮೂಳೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಉಜ್ಜಾಟದಿಂದ ಕಾವೇರುತ್ತದೆ. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಗುಲಿದರೂ ಮೂಳೆಗೆ ಪೆಟ್ಟಾಗುತ್ತದೆ ಎಂದು 1983ರಲ್ಲೇ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲಗಳಲ್ಲಿ ಕಂಡಿದ್ದರು. ಹಾನಿಗೊಂಡ ಮೂಳೆಯನ್ನು ದೇಹ ಕರಗಿಸಿ ಹೊಸದನ್ನು ಕಟ್ಟುತ್ತದೆ. ಆರಂಭದ ಬಿಗಿ ಕಳೆದು, ಹೊಸ ಮೂಳೆಯ ಹಿಡಿತ ಇನ್ನೂ ಬಾರದ ಆ ಮೊದಲ ಕೆಲವು ವಾರಗಳೇ ಅಪಾಯದ ಕಾಲ. ತಿರುಗಿಸುವ ಬಲ 5ರಿಂದ 10 ನ್ಯೂಟನ್ ಸೆಂಟಿಮೀಟರ್ (ತಿರುಗಿಸುವ ಬಲದ ಅಳತೆ) ಒಳಗಿರಲಿ ಎಂದು ಮೊಟೊಯೋಶಿ ತಂಡ 2006ರಲ್ಲಿ ಸೂಚಿಸಿದ್ದು, ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಸರಿಯಾದ ಏಟು.

ಎಲ್ಲ ತಪ್ಪನ್ನೂ ಮೂಳೆಯ ಮೇಲೆ ಹೇರುವಂತಿಲ್ಲ, ನಿಜ. ಸ್ಕ್ರೂ ಹಲ್ಲುಬೇರಿಗೆ ತಾಗುವಷ್ಟು ಹತ್ತಿರವಿದ್ದರೆ, ಸುತ್ತಲ ವಸಡು ಊದಿಕೊಂಡಿದ್ದರೆ, ಎಂಥ ಮೂಳೆಯಲ್ಲೂ ಅದು ನಿಲ್ಲುವುದು ಕಷ್ಟ. ಬೇರುಗಳ ಗೋಜಿಲ್ಲದ, ಮೇಲೆ ಗಟ್ಟಿ ವಸಡೂ ಇರುವ ಅಂಗುಳಿನ ಮುಂಭಾಗದತ್ತ ಈಚೆಗೆ ಅನೇಕ ವೈದ್ಯರು ವಾಲಿರುವುದು ಇದರಿಂದಲೇ. ಕೆಳದವಡೆಯಲ್ಲೇ ಹಾಕಬೇಕಾಗಿ ಬಂದಾಗ, ಹೊರಪದರ ದಪ್ಪಗಿದ್ದರೆ, ತಂಪು ನೀರು ಬಿಡುತ್ತ ಸಣ್ಣ ರಂಧ್ರ ಕೊರೆದುಕೊಂಡು ಆಮೇಲೆ ಸ್ಕ್ರೂ ತಿರುಗಿಸುವವರಿದ್ದಾರೆ.