ಟ್ರ್ಯಾಕ್–2 ಅಂದರೆ ಯಾರ ಮಾತುಕತೆ?

ಭಾರತ–ಪಾಕಿಸ್ತಾನದ ಸುದ್ದಿ ಓದುವವರಿಗೆ ‘ಟ್ರ್ಯಾಕ್–2’ ಎಂಬ ಮಾತು ಹೊಸದಲ್ಲ. ಎರಡು ಸರ್ಕಾರಗಳು ಅಧಿಕೃತವಾಗಿ ಕೂತು ಮಾತಾಡಿದರೆ ಅದು ಟ್ರ್ಯಾಕ್–1. ನಿವೃತ್ತ ರಾಯಭಾರಿಗಳು, ಮಾಜಿ ಸೇನಾಧಿಕಾರಿಗಳು, ಪತ್ರಕರ್ತರು, ಪ್ರಾಧ್ಯಾಪಕರು ಹೀಗೆ ಸಹಿ ಹಾಕುವ ಅಧಿಕಾರವೇ ಇಲ್ಲದವರು ಎರಡೂ ಕಡೆಯಿಂದ ಬಂದು ಕೂತರೆ ಟ್ರ್ಯಾಕ್–2. ಈ ಹೆಸರು ಬಳಕೆಗೆ ಬಂದದ್ದು ಅಮೆರಿಕದ ರಾಜತಾಂತ್ರಿಕ ಜೋಸೆಫ್ ಮಾಂಟ್‌ವಿಲ್ ಅವರಿಂದ. 1981ರಲ್ಲಿ ಅವರು ಮನೋವೈದ್ಯ ವಿಲಿಯಂ ಡೇವಿಡ್‌ಸನ್ ಜೊತೆ ಸೇರಿ ಬರೆದ ಲೇಖನದಲ್ಲಿ ಅದಿತ್ತು. ದೇಶಗಳ ಜಗಳಕ್ಕೆ ಮನೋವೈದ್ಯರು ಬೇಕಾದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ನಮ್ಮಲ್ಲಿ ಹೆಸರಾದದ್ದು ನೀಮರಾಣಾ ಸಂವಾದ. 1991ರಲ್ಲಿ ರಾಜಸ್ಥಾನದ ನೀಮರಾಣಾ ಕೋಟೆಯಲ್ಲಿ ಶುರುವಾಯಿತು. ಕಾಶ್ಮೀರದ ಬಗ್ಗೆ ಸಚಿವರೊಬ್ಬರು ಹೊಸ ಸಲಹೆಯೊಂದನ್ನು ಬಾಯಿಬಿಟ್ಟು ಹೇಳಿದರೆ ಮರುದಿನವೇ ಸಂಸತ್ತಿನಲ್ಲಿ ಗದ್ದಲ. ಅದೇ ಮಾತನ್ನು ನಿವೃತ್ತರು ಆಡಿ ನೋಡಬಹುದು. ಎದುರಿನವರಿಗೆ ಒಪ್ಪಿಗೆಯಾದರೆ ಅದು ಮೆಲ್ಲಗೆ ಸಚಿವಾಲಯದ ಕಿವಿಗೆ ಬೀಳುತ್ತದೆ; ಇಲ್ಲವಾದರೆ ‘ಅದು ಅವರ ಸ್ವಂತ ಅಭಿಪ್ರಾಯ’ ಎಂದು ಸರ್ಕಾರ ಜಾರಿಕೊಳ್ಳುತ್ತದೆ. ಅಧಿಕಾರ ಇಲ್ಲದಿರುವುದೇ ಇಲ್ಲಿ ಅನುಕೂಲ.

ಪತ್ರಿಕೆಗಳು ಇದನ್ನು ತೆರೆಮರೆಯ ಮಾತುಕತೆಯ ಜೊತೆ ಕಲಸಿಬಿಡುತ್ತವೆ. ಮನಮೋಹನ್ ಸಿಂಗ್ ಅವರ ಪರವಾಗಿ ಸತಿಂದರ್ ಲಾಂಬಾ, ಮುಷರಫ್ ಪರವಾಗಿ ತಾರಿಕ್ ಅಜೀಜ್ ಗುಟ್ಟಾಗಿ ಭೇಟಿಯಾಗುತ್ತಿದ್ದರಲ್ಲ, ಅದು ಟ್ರ್ಯಾಕ್–2 ಅಲ್ಲ. ಅವರಿಬ್ಬರೂ ನಾಯಕರೇ ಕಳಿಸಿದ ದೂತರು. ಸರ್ಕಾರವೇ ಮಾತಾಡುತ್ತಿತ್ತು, ಹೊರಗೆ ಹೇಳುತ್ತಿರಲಿಲ್ಲ ಅಷ್ಟೆ.

ಜನಸಾಮಾನ್ಯರ ಒಡನಾಟವನ್ನು ಕೆಲವರು ಟ್ರ್ಯಾಕ್–3 ಎನ್ನುತ್ತಾರೆ. ಕ್ರಿಕೆಟ್, ಸಂಗೀತ, ಯಾತ್ರೆ ಎಲ್ಲ ಇದರೊಳಗೆ. 2004ರಲ್ಲಿ ನಮ್ಮ ರಾಹುಲ್ ದ್ರಾವಿಡ್ ರಾವಲ್ಪಿಂಡಿಯಲ್ಲಿ 270 ಹೊಡೆದ ಆ ಸರಣಿಗೆ ಸಾವಿರಾರು ಭಾರತೀಯರು ಗಡಿ ದಾಟಿ ಹೋಗಿದ್ದರು. ಮುಂಬೈ ದಾಳಿಯ ನಂತರ ಎಲ್ಲ ತಣ್ಣಗಾಯಿತು. ಎರಡೂ ದೇಶಗಳು ಕೊನೆಯದಾಗಿ ಟೆಸ್ಟ್ ಆಡಿದ್ದು 2007ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ.

ಸರ್ಕಾರದ ಹಂಗಿಲ್ಲದ ಮಾತುಕತೆ ಅಂತ ಹೇಳಿಕೊಂಡರೂ ವೀಸಾ ಕೊಡುವುದು ಸರ್ಕಾರವೇ. ಅದೂ ಇಂಥ ಊರಿಗೆ ಮಾತ್ರ ಎಂದು ಹೆಸರು ಬರೆದು. ಸಂಬಂಧ ಹದಗೆಟ್ಟು ಮಾತುಕತೆ ಹೆಚ್ಚು ಬೇಕಾದಾಗಲೇ ವೀಸಾ ಸಿಗುವುದಿಲ್ಲ. ಹಾಗಾಗಿ ಅಮೃತಸರ–ಲಾಹೋರ್ ನಡುವಿನ ಐವತ್ತು ಕಿಲೋಮೀಟರ್ ಬಿಟ್ಟು, ಎರಡೂ ಕಡೆಯವರು ವಿಮಾನ ಹತ್ತಿ ಬ್ಯಾಂಕಾಕಿಗೋ ದುಬೈಗೋ ಹೋಗಿ ಕೂರುತ್ತಾರೆ.