64 ಮನೆ 65 ಆಗುತ್ತದಾ ಮಾಷ್ಟ್ರೇ?

ಪ್ರಶ್ನೆ: ಮಾಷ್ಟ್ರೇ, ಅಮೆರಿಕದ ಒಬ್ಬರು ಕಂಪ್ಯೂಟರ್ ಪ್ರೊಫೆಸರ್ ಆಕೃತಿಗಳನ್ನು ಕತ್ತರಿಸಿ ಜೋಡಿಸುವ ಆಟದ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾರಂತೆ. ಚೆಸ್ ಬೋರ್ಡಿನಂಥ 64 ಮನೆಯ ಚೌಕವನ್ನು ನಾಲ್ಕು ತುಂಡು ಮಾಡಿ 65 ಮನೆ ಮಾಡುತ್ತಾರಲ್ಲ, ಅದೇ ವಿದ್ಯೆಯಾ? ಆ ಒಂದು ಮನೆ ಎಲ್ಲಿಂದ ಬಂತು?

ಉತ್ತರ: ಪುಸ್ತಕದ ಸಂಗತಿ ನಿಜ. ಅವರು ಪರ್ಡ್ಯೂ ವಿಶ್ವವಿದ್ಯಾಲಯದ ಗ್ರೆಗ್ ಫ್ರೆಡೆರಿಕ್ಸನ್. ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಒಂದು ಆಕೃತಿಯನ್ನು ಆದಷ್ಟು ಕಡಿಮೆ ತುಂಡು ಮಾಡಿ ಇನ್ನೊಂದು ಆಕೃತಿಯಾಗಿ ಜೋಡಿಸುವುದು ಅವರ ಹುಚ್ಚು. ಕಡಿಮೆ ಹೆಜ್ಜೆಯಲ್ಲಿ ಕೆಲಸ ಮುಗಿಸುವುದು ಆಲ್ಗರಿದಮ್ ಕಲಿಸುವವರ ಕಸುಬು ತಾನೇ? ಕತ್ತರಿ ಹಿಡಿದಾಗಲೂ ಆ ಬುದ್ಧಿ ಬಿಡಲಿಲ್ಲ ಅಷ್ಟೆ.

ಆದರೆ 64–65ರ ಆಟ ಆ ವಿದ್ಯೆ ಅಲ್ಲ. ಅದು ಕಣ್ಣಿಗೆ ಮಣ್ಣೆರಚುವ ಕೆಲಸ. ಕ್ಲಾಸಿನಲ್ಲಿ ಹೇಳಿದ್ದಾಯಿತು, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದಾಯಿತು. ಆದರೂ ವಾರಕ್ಕೊಬ್ಬರು ಮೊಬೈಲಿನಲ್ಲಿ ಇದೇ ಆಟದ ವಿಡಿಯೋ ಹಿಡಿದು ಬರುತ್ತಾರೆ. ಕತ್ತರಿಸಿ ಜೋಡಿಸಿದರೆ ವಿಸ್ತೀರ್ಣ ಜಾಸ್ತಿ ಆಗುವುದಾದರೆ ಬದಿಯಡ್ಕದಲ್ಲಿ ಹತ್ತು ಸೆಂಟ್ಸ್ ಜಾಗ ಇರುವವರು ಸುಮ್ನೆ ಕೂರುತ್ತಿದ್ದರಾ? ವಿಲೇಜ್ ಆಫೀಸಿನ ಎದುರು ಕತ್ತರಿ ಹಿಡಿದು ಸಾಲು ನಿಲ್ಲುತ್ತಿದ್ದರು.

ಸರಿ, ಇನ್ನೊಮ್ಮೆ ಹೇಳುತ್ತೇನೆ. 8 ಮನೆ ಅಗಲದ ಚೌಕವನ್ನು 5 ಮತ್ತು 3 ಅಗಲದ ಎರಡು ಪಟ್ಟಿ ಮಾಡುತ್ತಾರೆ. 3ರ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ. 5ರ ಪಟ್ಟಿಯನ್ನು ನಡುವಿನಲ್ಲಿ ಓರೆಯಾಗಿ ಕತ್ತರಿಸಿದರೆ ಒಂದೇ ಅಳತೆಯ ಎರಡು ತುಂಡು. ಈ ನಾಲ್ಕನ್ನು 5ಕ್ಕೆ 13ರ ಆಯತವಾಗಿ ಜೋಡಿಸುತ್ತಾರೆ. ಐದು ಹದಿಮೂರಲಿ ಅರವತ್ತೈದು, ಚಪ್ಪಾಳೆ!

ಈಗ ಓರೆ ನೋಡಿ. ತ್ರಿಕೋನದ ಓರೆ 8 ಮನೆ ಮುಂದೆ ಹೋಗುವಾಗ 3 ಮನೆ ಏರುತ್ತದೆ, ಅಂದರೆ 0.375. ಇನ್ನೊಂದು ತುಂಡಿನದ್ದು 5 ಮನೆಗೆ 2, ಅಂದರೆ 0.4. ಎರಡೂ ಬೇರೆ. ಹಾಗಾಗಿ ಆಯತದ ನಡುವೆ ಮೂಲೆಯಿಂದ ಮೂಲೆಗೆ ಹೋಗುವ ಗೆರೆ ನೇರವೇ ಅಲ್ಲ. ಅಲ್ಲಿ ಸಪೂರದ ಒಂದು ಬಿರುಕು ಇದೆ. ಅದರ ವಿಸ್ತೀರ್ಣ ಲೆಕ್ಕ ಹಾಕಿ, ಸರಿಯಾಗಿ ಒಂದು ಮನೆ ಬರುತ್ತದೆ.

‘ನಾನೇ ಕತ್ತರಿಸಿ ನೋಡಿದ್ದೇನೆ, ಬಿರುಕು ಇಲ್ಲ’ ಅನ್ನುತ್ತೀರಿ. ಒಂದು ಸೆಂಟಿಮೀಟರಿನ ಮನೆಗಳಾದರೆ ಬಿರುಕಿನ ಅಗಲ ಬರೀ ಒಂದು ಮಿಲಿಮೀಟರಿನಷ್ಟು. ಸ್ಕೆಚ್ ಪೆನ್ನಿನ ಗೆರೆಯೇ ಅದನ್ನು ನುಂಗುತ್ತದೆ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದು ಇಂಚಿನ ಮನೆ ಹಾಕಿ ಕತ್ತರಿಸಿ. ಆಗ ಬಿರುಕು ಮೂರು ಮಿಲಿಮೀಟರ್, ಅಜ್ಜಂದಿರಿಗೂ ಕಾಣುತ್ತದೆ.

ಇನ್ನೂ ನಂಬಿಕೆ ಬಾರದಿದ್ದರೆ 13 ಅಗಲದ ಚೌಕದಲ್ಲಿ 8–5 ಪಟ್ಟಿ ಮಾಡಿ ಇದೇ ಆಟ ಆಡಿ. 169 ಮನೆ ಇದ್ದದ್ದು 8ಕ್ಕೆ 21, ಅಂದರೆ 168 ಆಗುತ್ತದೆ! ಇಲ್ಲಿ ಬಿರುಕಿನ ಬದಲು ತುಂಡುಗಳು ಒಂದರ ಮೇಲೊಂದು ಏರಿ ಕೂರುತ್ತವೆ. ಒಂದು ಮನೆ ಕಳೆದುಹೋದ ಈ ವಿಡಿಯೋವನ್ನು ನನಗೆ ಇವತ್ತಿನವರೆಗೆ ಯಾರೂ ಕಳಿಸಿಲ್ಲ. ಲಾಭದ್ದು ಮಾತ್ರ ಕಳಿಸುತ್ತಾರೆ.

3, 5, 8, 13, 21. ಈ ಸಾಲನ್ನು ಫಿಬೊನಾಚಿ ಹೆಸರಲ್ಲಿ ಕೇಳಿರುತ್ತೀರಿ. ಛಂದಸ್ಸು ಓದಿದವರಿಗೆ ಮೊದಲೇ ಪರಿಚಯ: ಮೂರು ಮಾತ್ರೆಯ ಗಣ 3 ಬಗೆ, ನಾಲ್ಕರದ್ದು 5, ಐದರದ್ದು 8. ಅದಿರಲಿ.

ಯಾರೂ ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಮೋಸವಿಲ್ಲದೆ ಮೂರು ಮೂಲೆಯ ಆಕೃತಿಯನ್ನು ಚೌಕ ಮಾಡಬಹುದಾ? ಧಾರಾಳವಾಗಿ. ವಿಸ್ತೀರ್ಣ ಸಮ ಇದ್ದರೆ, ನೇರ ಬದಿಗಳ ಯಾವ ಆಕೃತಿಯನ್ನೂ ಕತ್ತರಿಸಿ ಇನ್ನೊಂದು ಮಾಡಬಹುದು ಅಂತ 1830ರ ದಶಕದಲ್ಲೇ ಸಾಧಿಸಿ ಆಗಿದೆ. ಸಮಬಾಹು ತ್ರಿಕೋನಕ್ಕೆ ನಾಲ್ಕೇ ತುಂಡು ಸಾಕು. ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡ್ನಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದನ್ನು ಜನರ ಮುಂದಿಟ್ಟಿದ್ದರು. ನಾಲ್ಕನ್ನೂ ವಿಜಾಗರಿ ಹಾಕಿ ಸರಪಳಿಯಂತೆ ಪೋಣಿಸಿದರೆ ಒಂದು ಕಡೆ ತಿರುಗಿಸಿದಾಗ ತ್ರಿಕೋನ, ಇನ್ನೊಂದು ಕಡೆ ಚೌಕ. ಫ್ರೆಡೆರಿಕ್ಸನ್ 2002ರಲ್ಲಿ ಇಂಥ ವಿಜಾಗರಿ ಆಟಗಳಿಗೇ ಒಂದಿಡೀ ಪುಸ್ತಕ ಬರೆದರು.

ಮೂರು ತುಂಡಲ್ಲಿ ಆಗದಾ? ಆಗುವುದಿಲ್ಲ. ತುಂಡುಗಳನ್ನು ಕವುಚಿ ಹಾಕಬಾರದು ಎಂಬ ಷರತ್ತಿನಲ್ಲಿ ಇದನ್ನು ಸಾಧಿಸಿದ್ದು 2024ರ ಡಿಸೆಂಬರಿನಲ್ಲಿ. ಸಾಧಿಸಿದ ಮೂವರಲ್ಲಿ ಒಬ್ಬರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎರಿಕ್ ಡಿಮೈನ್. ಅವರೂ ಕಂಪ್ಯೂಟರ್ ಮೇಷ್ಟ್ರೇ!

ನಾಲ್ಕು ತುಂಡಿನದ್ದನ್ನು ನಾನು ರಟ್ಟಿನಲ್ಲಿ ಮಾಡಿ, ವಿಜಾಗರಿ ಬದಲು ಬಟ್ಟೆಯ ಪಟ್ಟಿ ಅಂಟಿಸಿ ಇಟ್ಟಿದ್ದೇನೆ. ನೀರ್ಚಾಲು ಕಡೆ ಬಂದರೆ ತೋರಿಸುತ್ತೇನೆ. 65 ಮನೆಯ ವಿಡಿಯೋ ಮಾತ್ರ ತರಬೇಡಿ.